ಪೇಟಿ ತಿನ್ನುವ ಹೆಡ್‌ಫೋನ್

ನಮ್ಮ ಊರಿನಲ್ಲಿ ಹೆಡ್‌ಫೋನ್ ಕೊಳ್ಳಲು ಹೋದವರು ಮೊದಲು ಬೆಲೆ ಕೇಳುವುದಿಲ್ಲ. ‘ಇದು ಏನು ತಿಂತೈತ್ರಿ?’ ಎಂದು ಕೇಳುತ್ತಾರೆ. ಅಂಗಡಿಯವನೂ ಮುಚ್ಚಿಡದೆ ಹೇಳುತ್ತಾನೆ. ಇದು ತಬಲಾ ತಿನ್ನುತ್ತದೆ, ಅದು ಕೊಳಲು ತಿನ್ನುತ್ತದೆ, ಆ ಮೇಲಿನ ಸಾಲಿನದು ಹೆಂಗಸರ ದನಿ ತಿನ್ನುತ್ತದೆ. ಏನನ್ನೂ ತಿನ್ನದ ಹೆಡ್‌ಫೋನನ್ನು ಇಲ್ಲಿ ಯಾರೂ ಕಂಡಿಲ್ಲ. ಸ್ಪೀಕರಿನಲ್ಲಿ ಹಾಕಿದರೆ ಹಾಡೇ ಬರುವುದಿಲ್ಲ, ಫ್ಯಾನು ತಿರುಗಿದ ಹಾಗೆ ಬರೀ ಗಾಳಿಯ ಸದ್ದು. ಊರ ಗಡಿ ದಾಟಿ ಹೋಗಿ ಕೇಳೋಣವೆಂದರೆ ಇಲ್ಲಿ ರೆಕಾರ್ಡು ಮಾಡಿದ ಹಾಡು ಅಲ್ಲಿ ಬಾಯಿಯನ್ನೇ ಬಿಡುವುದಿಲ್ಲ. ಎದುರಿಗೆ ಕೂತು ಹಾಡಿದ್ದನ್ನು ಮಾತ್ರ ಪೂರ್ತಿ ಕೇಳಬಹುದು. ಉಳಿದದ್ದಕ್ಕೆಲ್ಲ ಹೆಡ್‌ಫೋನೇ ಗತಿ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಹೆಣ್ಣು ನೋಡಲು ಬಂದವರು ಅಡುಗೆಯ ವಿಷಯಕ್ಕಿಂತ ಮೊದಲು ನಿಮ್ಮ ಮನೆಯದು ಏನು ತಿನ್ನುತ್ತದೆ ಎಂದು ವಿಚಾರಿಸುತ್ತಾರೆ. ಎರಡೂ ಮನೆಯವು ಒಂದನ್ನೇ ತಿನ್ನುತ್ತಿದ್ದರೆ ಸಂಬಂಧ ಕೂಡುವುದು ಕಷ್ಟ. ನಮ್ಮ ಎದುರುಮನೆಯ ಗಂಡ ಹೆಂಡಿರಲ್ಲಿ ಅವನದು ಕೊಳಲು ತಿನ್ನುತ್ತದೆ, ಅವಳದು ತಬಲಾ. ಒಂದೇ ಹಾಡು ಹಾಕಿಕೊಂಡು ಕೂತಾಗ ಅವನು ಅವಳ ಮೊಣಕಾಲಿನ ಮೇಲೆ ಬೆರಳಿನಿಂದ ತಬಲಾ ಬಾರಿಸುತ್ತಾನೆ, ಅವಳು ತುಟಿ ಚೂಪು ಮಾಡಿ ಸಿಳ್ಳೆಯಲ್ಲಿ ಕೊಳಲು ತುಂಬಿಕೊಡುತ್ತಾಳೆ. ನೋಡಿದವರಿಗೆ ನಗು ಬರುತ್ತದೆ. ನನಗೆ ಮಾತ್ರ ಹೊಟ್ಟೆಕಿಚ್ಚು, ಏಕೆಂದರೆ ಗಿರಣಿಯಿಂದ ಮನೆಗೆ ಬಂದ ಮೇಲೆ ನನಗೆ ಸಿಳ್ಳೆ ಹೊಡೆಯುವಷ್ಟು ಉಸಿರೂ ಉಳಿದಿರುವುದಿಲ್ಲ.

ನಾನು ಹಿಟ್ಟಿನ ಗಿರಣಿಯವನು. ಹೆಸರು ಮಲ್ಲೇಶಿ. ಹಗಲೆಲ್ಲ ಎರಡು ಯಂತ್ರಗಳ ನಡುವೆ ನಿಂತು, ಗಿರಾಕಿಗಳ ಜೊತೆ ಕಿರುಚಿ ಕಿರುಚಿ ಮಾತಾಡಿ, ಸಂಜೆ ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಮನೆಗೆ ಬರುತ್ತೇನೆ. ಮೆಲ್ಲಗೆ ಮಾತಾಡುವುದು ನನಗೆ ಮರೆತೇ ಹೋಗಿದೆ. ಸಂಗೀತವೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಆ ಕೋಣ ನಾನೇ. ಅಂಥವನ ಪಾಲಿಗೆ ಈ ಹೆಡ್‌ಫೋನ್ ಹುಡುಕುವ ಕೆಲಸ ಬಂತು.

ಆ ಕೆಲಸ ತಂದದ್ದು ಅಪ್ಪ. ಅಪ್ಪನ ಎಡಗಿವಿ ಹೋಗಿ ಬಹಳ ವರ್ಷವಾಗಿತ್ತು. ಈ ಸಲ ಬಲಗಿವಿಯನ್ನು ನೋಡಿದ ಡಾಕ್ಟರು, ಯುಗಾದಿಯವರೆಗೆ ಬಂದರೆ ಪುಣ್ಯ, ಆಮೇಲೆ ಇದೂ ಇಲ್ಲ ಎಂದರು. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುತ್ತ, ‘ಗಂಗಯ್ಯನ ಜೋಡಿ ಬಾರಿಸಿದ ಆ ಕಛೇರಿದು ಟೇಪ ಐತೆಲ್ಲ, ಅದನ್ನ ಒಮ್ಮೆ ಕೇಳಬೇಕು. ಛಲೋದೊಂದು ಹೆಡ್‌ಫೋನ ತಾ’ ಎಂದ.

ನನ್ನ ಹೆಂಡತಿ ಕಾಶವ್ವ ಕೈಯಲ್ಲಿದ್ದ ಲಟ್ಟಣಿಗೆ ಹಾಗೇ ಹಿಡಿದು ನನ್ನ ಮುಖ ನೋಡಿದಳು. ಆ ಕಛೇರಿಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಪ್ಪನ ಹೆಸರು ಫಕೀರಪ್ಪ. ಒಂದು ಕಾಲಕ್ಕೆ ಪೇಟಿ ಫಕೀರಪ್ಪ. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಗಂಗಯ್ಯ ಗವಾಯಿಗಳು ಎಲ್ಲಿ ಹಾಡಿದರೂ ಪಕ್ಕದಲ್ಲಿ ಅಪ್ಪನ ಪೇಟಿ ಇರಲೇಬೇಕಿತ್ತು. ಒಂದೇ ತಟ್ಟೆಯಲ್ಲಿ ಉಂಡವರು ಅವರು. ನಮ್ಮ ಊರ ನಾಟಕದ ಥೇಟರಿನಲ್ಲಿ, ದೊಡ್ಡ ದೊಡ್ಡವರೆಲ್ಲ ಮುಂದೆ ಕೂತಿದ್ದ ಕಛೇರಿಯಲ್ಲಿ, ಹಾಡು ಏರಿದ ಹೊತ್ತಿಗೆ ಸರಿಯಾಗಿ ಒಂದು ತಪ್ಪು ಸ್ವರ ಬಂತು. ಆ ರಾಗಕ್ಕೆ ಬರಲೇಬಾರದ ಸ್ವರ. ಗವಾಯಿಗಳ ಗಂಟಲಿನಲ್ಲೂ ಬಂತು, ಅಪ್ಪನ ಬೆರಳಿನಲ್ಲೂ ಬಂತು. ಗವಾಯಿಗಳು ತಪ್ಪುತ್ತಾರೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪೇಟಿಯವನೇ ತಪ್ಪು ಸ್ವರ ಒತ್ತಿ ಗವಾಯಿಗಳನ್ನು ಎಳೆದುಕೊಂಡು ಬಿದ್ದ ಎಂದು ಊರು ತೀರ್ಮಾನ ಮಾಡಿತು. ಗವಾಯಿಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಪ್ಪ ಎದ್ದು ಮನೆಗೆ ಬಂದವನು ಪೇಟಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ. ಗಿರಣಿ ಹಾಕಿದ. ಗವಾಯಿಗಳ ಮನೆ ಹಿಂದಿನ ಓಣಿಯಲ್ಲೇ ಇದ್ದರೂ ಅಲ್ಲಿ ಕಾಲಿಡಲಿಲ್ಲ.

ಇಷ್ಟೇ ಆಗಿದ್ದರೆ ಮರೆತುಹೋಗುತ್ತಿತ್ತೇನೋ. ಊರು ಅದನ್ನೊಂದು ಗಾದೆ ಮಾಡಿಕೊಂಡಿತು. ಸಾರಿಗೆ ಉಪ್ಪು ಹೆಚ್ಚಾದರೆ ‘ಫಕೀರಪ್ಪನ ಕೈ ಬಿತ್ತು ನೋಡು.’ ಕೂಡಿಬಂದ ಮದುವೆ ಮುರಿದರೆ ‘ಯಾರದರ ಫಕೀರಪ್ಪನ ಕೈ ಬಿದ್ದಿರಬೇಕು.’ ಹೇಳುವ ಹುಡುಗರಿಗೆ ಫಕೀರಪ್ಪ ಯಾರೆಂದೇ ಗೊತ್ತಿಲ್ಲ. ಗಿರಣಿಯ ಸಾಲಿನಲ್ಲಿ ನಿಂತ ಹೆಂಗಸರು ನನ್ನ ಎದುರಿಗೇ ಹೇಳಿ, ಆಮೇಲೆ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದುಂಟು. ನಾನು ಕೇಳದವನ ಹಾಗೆ ಹಿಟ್ಟು ಹಿಡಿಯುತ್ತಿದ್ದೆ.

ಮನೆಯಲ್ಲಿದ್ದ ಹಳೆಯ ಹೆಡ್‌ಫೋನ್ ಗಂಡಸರ ದನಿ ತಿನ್ನುವಂಥದ್ದು. ಹೆಂಗಸರ ಹಾಡು ಕೇಳಲು ಕಾಶವ್ವ ಇಟ್ಟುಕೊಂಡಿದ್ದಳು, ನಿಮ್ಮ ಗೊಣಗಾಟವನ್ನೂ ತಿಂದರೆ ಇನ್ನೂ ಛಲೋ ಇತ್ತು ಎಂದು ನನ್ನನ್ನು ಅಣಕಿಸುತ್ತಿದ್ದಳು. ಗವಾಯಿಗಳ ಟೇಪಿಗೆ ಅದು ನಡೆಯುವಂತಿರಲಿಲ್ಲ. ನಾನು ದಾವಲಸಾಬನ ಅಂಗಡಿಗೆ ಹೋದೆ. ಆ ಕಛೇರಿಯನ್ನು ರೆಕಾರ್ಡು ಮಾಡಿದವರೇ ದಾವಲಸಾಬನ ತಂದೆ. ಆ ಟೇಪನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟವನೂ ಅವನೇ. ಅವನ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಹೆಡ್‌ಫೋನನ್ನು ಒಂದು ವಾರ ಮನೆಯಲ್ಲಿಟ್ಟು ನೋಡಬಹುದು, ಅದು ತಿನ್ನುವುದು ನಮಗೆ ಸಹಿಸಲಾಗದಿದ್ದರೆ ಹಿಂದಿರುಗಿಸಬಹುದು. ವಾರ ದಾಟಿದರೆ ಅದು ನಮ್ಮದೇ.

ಮೊದಲು ತಂದದ್ದು ತಬಲಾ ತಿನ್ನುವಂಥದ್ದು. ಅಪ್ಪ ಬಲಗಿವಿಗೆ ಒತ್ತಿ ಹಿಡಿದು ಕೇಳಿ, ‘ತಾಳ ಇಲ್ಲಂದ್ರ ಆ ಜಾಗಾ ಸಿಗವಲ್ದು. ಇದಲ್ಲ’ ಎಂದ. ಎರಡನೆಯದು ತಂಬೂರಿ ತಿನ್ನುತ್ತಿತ್ತು. ‘ಇದಲ್ಲ.’ ದುಡ್ಡು ಹೆಚ್ಚಾದಷ್ಟೂ ಹೆಡ್‌ಫೋನಿನ ಹಸಿವು ಸಣ್ಣದಾಗುತ್ತದೆ ಎಂಬುದು ನಮ್ಮ ಊರಿನ ಲೆಕ್ಕ. ಅಗ್ಗದವು ಇಡೀ ವಾದ್ಯವನ್ನೇ ನುಂಗುತ್ತವೆ, ದುಬಾರಿಯವು ಸಭಿಕರ ಕೆಮ್ಮನ್ನೋ ಚಪ್ಪಾಳೆಯನ್ನೋ ತಿಂದು ಸುಮ್ಮನಾಗುತ್ತವೆ. ಹಾಗಾಗಿ ನಾನು ಒಂದೊಂದೇ ಮೆಟ್ಟಿಲು ಹತ್ತಿದೆ. ಚಪ್ಪಾಳೆ ತಿನ್ನುವುದನ್ನು ತಂದೆ. ಅದನ್ನು ಅಪ್ಪ ದಿನವಿಡೀ ಕೇಳಿದ. ಒಂದೇ ಜಾಗವನ್ನು ತಿರುಗಿಸಿ ತಿರುಗಿಸಿ ಹಾಕೆಂದು ನನ್ನಿಂದ ಹಾಕಿಸಿದ. ಕೊನೆಗೆ ತೆಗೆದು ಮಂಚದ ಮೇಲಿಟ್ಟು, ‘ಇಬ್ಬರೂ ಕೂಡೇ ಅದೀವಿ’ ಎಂದ. ಸಂತೋಷದಿಂದ ಹೇಳಿದನೋ ದುಃಖದಿಂದಲೋ ನನಗೆ ತಿಳಿಯಲಿಲ್ಲ. ಆದರೆ ಅದೂ ಅವನಿಗೆ ಬೇಕಾದದ್ದಲ್ಲ.

ಅಪ್ಪನಿಗೆ ತನ್ನ ಪೇಟಿಯನ್ನು ಸಾಯುವ ಮೊದಲು ಒಮ್ಮೆ ಚೆನ್ನಾಗಿ ಕೇಳುವ ಆಸೆ ಎಂದು ನಾನು ತಿಳಿದಿದ್ದೆ. ಹಾಗಾಗಿ ಸಾಕೋ ಸಾಕಾಗಿ ದಾವಲಸಾಬನಿಗೆ, ‘ನಿನ್ನ ಅಂಗಡ್ಯಾಗಿನ ಎಲ್ಲಾಕ್ಕಿಂತ ಛಲೋದನ್ನ ಕೊಡಪಾ, ಈ ತಿರುಗಾಟ ಸಾಕಾತು’ ಎಂದೆ.

ಅವನು ಗಾಜಿನ ಕಪಾಟು ತೆರೆದು, ಮಗುವನ್ನು ಎತ್ತಿಕೊಂಡ ಹಾಗೆ ಒಂದು ಬೆಳ್ಳಿ ಬಣ್ಣದ್ದನ್ನು ಎತ್ತಿಕೊಂಡ. ‘ಇದು ಏನೂ ತಿನ್ನೂದಿಲ್ಲ ಮಲ್ಲೇಶಣ್ಣ. ನಾ ಆರು ತಿಂಗಳು ಹಾಕ್ಕೊಂಡು ನೋಡೀನಿ. ಏನ್ ತಿಂತೈತಿ ಅಂತ ಹುಡುಕಿ ಹುಡುಕಿ ಸೋತೀನಿ. ಇದರಾಗ ಕೇಳಿದ ಯಾವ ಹಾಡೂ ಕೆಟ್ಟದ್ದು ಅನಸಂಗಿಲ್ಲ ನೋಡ್ರಿ.’

ಮರುದಿನ ಬೆಳಿಗ್ಗೆ ಅಪ್ಪ ಬಿಸಿಲಿಗೆ ಕೂತು ಅದನ್ನು ಹಾಕಿಕೊಂಡ. ಮುಖ ಮೊದಲು ಅರಳಿತು. ಆಮೇಲೆ ಬೆರಳು ತೊಡೆಯ ಮೇಲೆ ಓಡತೊಡಗಿತು. ಆ ಜಾಗ ಬಂದಾಗ ಬೆರಳು ಗಕ್ಕನೆ ನಿಂತಿತು. ಮತ್ತೊಮ್ಮೆ ಹಾಕಿಸಿದ. ಇನ್ನೊಮ್ಮೆ ಹಾಕಿಸಿದ. ಆಮೇಲೆ ಅಂಥ ಬೆಲೆಬಾಳುವ ವಸ್ತುವನ್ನು ಕಿತ್ತು ನನ್ನ ತೊಡೆಯ ಮೇಲೆ ಒಗೆದ.

‘ಇದು ತಪ್ಪ ತಿಂತೈತಲೇ! ತಪ್ಪs ಇಲ್ಲ ಇದರಾಗ!’

‘ತಪ್ಪಿಲ್ಲಂದ್ರ ಛಲೋನ ಆತಲ್ಲಪಾ’ ಎಂದೆ ನಾನು.

‘ಏನ್ ಛಲೋ? ಆ ತಪ್ಪನ್ನ ಕೇಳಾಕs ಕುಂತೀನಿ ನಾ. ಅದು ಯಾರದು ಅಂತ ನನಗ ತಿಳೀಬೇಕು. ಊರೆಲ್ಲ ನಂದು ಅಂದ್ರು. ಅಂದಂದs ನನಗೂ ನಂದs ಇರಬೇಕು ಅನಸಾಕತ್ತೈತಿ. ನಾ ಮೊದಲು ಒತ್ತಿದ್ನೋ, ಅಂವ ಮೊದಲು ಹ್ವಾದ್ನೋ? ಪೇಟಿ ಅಂದ್ರ ನೆರಳು ಮಲ್ಲೇಶಿ. ಅಂವ ಹೋದಲ್ಲಿ ಹೋಗೂದು ನನ್ನ ಧರ್ಮ. ಹಂಗ ಹೋದ್ನೋ, ಇಲ್ಲಾ ನಾನs ಎಳದ್ನೋ, ಇಷ್ಟು ತಿಳದು ಸತ್ರ ಸಾಕು. ಕಿವಿ ಹೋದ ಮ್ಯಾಲ ಯಾರನ್ನ ಕೇಳಲಿ?’

ಅಪ್ಪ ಅಳುತ್ತಿದ್ದ. ನಾನು ಅಪ್ಪ ಅತ್ತದ್ದನ್ನು ಅವ್ವ ಸತ್ತ ದಿನ ಬಿಟ್ಟರೆ ನೋಡಿರಲಿಲ್ಲ. ನಾನು ಆ ಬೆಳ್ಳಿಯ ಹೆಡ್‌ಫೋನನ್ನು ಅಂಗಿಯ ತುದಿಯಿಂದ ಒರೆಸುತ್ತ ಕೂತೆ.

ಅವತ್ತು ಗಿರಣಿಯಲ್ಲಿ ಎಲ್ಲಿಂದಲೋ ಕಟಕಟ ಸದ್ದು ಬರತೊಡಗಿತು. ಜೋಳದ ಯಂತ್ರದ್ದೋ ಗೋಧಿಯ ಯಂತ್ರದ್ದೋ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಮಾಡುವುದು ಒಂದೇ: ಒಂದು ಯಂತ್ರ ನಿಲ್ಲಿಸಿ ಇನ್ನೊಂದನ್ನು ಕೇಳುವುದು. ಜೋಳದ್ದನ್ನು ನಿಲ್ಲಿಸಿದೆ. ಗೋಧಿಯದೊಂದೇ ಕಟಕಟ ಅನ್ನುತ್ತಿತ್ತು. ಬೆಲ್ಟಿನ ಮೇಲೆ ಕೈಯಿಟ್ಟುಕೊಂಡೇ ನನಗೆ ದಾವಲಸಾಬನ ಅಂಗಡಿಯ ಕೆಳಗಿನ ಸಾಲು ನೆನಪಾಯಿತು.

ಅಲ್ಲಿ ಕರಿಮರದ ಬಟ್ಟಲುಗಳ ಒಂದು ಹೆಡ್‌ಫೋನ್ ವರ್ಷಗಟ್ಟಲೆಯಿಂದ ಬಿದ್ದಿತ್ತು. ಮಾಲು ಭಾರೀ ಮೇಲ್ದರ್ಜೆಯದು, ಕಿವಿಗೆ ಮೆತ್ತಗಿನ ಚರ್ಮದ ಹೊದಿಕೆ, ಸಣ್ಣ ಸದ್ದನ್ನೂ ಬಿಡುವುದಿಲ್ಲ. ಆದರೆ ಅದರ ಹಸಿವು ಊರಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಅದು ಪೇಟಿ ತಿನ್ನುತ್ತಿತ್ತು. ಪೇಟಿ ಇಲ್ಲದ ಹಾಡು ನಮ್ಮ ಕಡೆ ಎಷ್ಟಿದೆ? ಯಾರೂ ಕೊಳ್ಳಲಿಲ್ಲ. ನಾನು ಇಷ್ಟು ಸಲ ಆ ಅಂಗಡಿಗೆ ಹೋದರೂ ದಾವಲಸಾಬ ಅದನ್ನು ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಪೇಟಿ ಮಾಸ್ತರನ ಮನೆಗೆ ಪೇಟಿ ತಿನ್ನುವುದನ್ನು ಒಯ್ಯುವುದೆಂದರೆ ಮುತ್ತೈದೆಯ ಮನೆಗೆ ಕುಂಕುಮವಿಲ್ಲದ ತಟ್ಟೆ ಒಯ್ದ ಹಾಗೆ. ನಾನು ಅದನ್ನೇ ಬೇಕೆಂದಾಗ ದಾವಲಸಾಬನ ಮುಖ ಸಣ್ಣದಾಯಿತು.

‘ಹಿರಿಯಾರಿಗೆ ಅವಮಾನ ಮಾಡಿಧಂಗ ಆಕ್ಕೈತಿ ಮಲ್ಲೇಶಣ್ಣ.’

‘ಆಗೂದೆಲ್ಲ ಆಗಿ ಹೋಗೈತಿ. ಕೊಡು’ ಎಂದೆ.

ಮನೆಗೆ ತಂದೆ, ಆದರೆ ಅಪ್ಪನ ಮುಂದಿಡುವ ಧೈರ್ಯ ಬರಲಿಲ್ಲ. ಆರು ದಿನ ಅದು ಹಿಟ್ಟಿನ ಚೀಲದ ಹಿಂದೆಯೇ ಇತ್ತು. ಕೊನೆಗೆ ಕಾಶವ್ವನಿಗೆ ಸಿಕ್ಕಿತು. ಅವಳು ಎಲ್ಲ ಕೇಳಿಕೊಂಡು, ‘ನೀವು ಹೇಳೂ ಹೊತ್ತಿಗೆ ಮಾವನ ಕಿವಿ ಹೋಗಿರತಾವು’ ಎಂದು ಬೈದು, ತಾನೇ ಒಯ್ದು ಅಪ್ಪನ ಕೈಗೆ ಕೊಟ್ಟಳು. ‘ಮಾವಾರ, ಇದು ಪೇಟಿ ತಿಂತೈತ್ರಿ. ಗವಾಯಿಗಳು ಒಬ್ಬರs ಇರತಾರು ಇದರಾಗ. ಕೇಳ್ರಿ.’

ಅಪ್ಪ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಬಯ್ಯುತ್ತಾನೆ ಎಂದುಕೊಂಡೆ. ‘ಎಳಸ್ಕೊಂಡ ಗಂಟಲಿಗೂ ತಾನs ಹೋದ ಗಂಟಲಿಗೂ ಫರಕ ಇರತೈತಿ’ ಎಂದು ತನಗೆ ತಾನೇ ಹೇಳಿಕೊಂಡು ಹಾಕಿಕೊಂಡ.

ನಾನು ಮೊಬೈಲು ಹಿಡಿದು ಪಕ್ಕದಲ್ಲೇ ಕೂತಿದ್ದೆ. ಈ ಸಲ ಅಪ್ಪನ ಬೆರಳು ಓಡಲಿಲ್ಲ. ಓಡಲು ಅಲ್ಲಿ ಅವನೇ ಇರಲಿಲ್ಲವಲ್ಲ. ಆ ಜಾಗ ಬಂತು. ಅಪ್ಪ ಕಣ್ಣು ಬಿಟ್ಟ. ಕೈ ಎತ್ತಿ ನಿಲ್ಲಿಸೆಂದ, ಹಿಂದೆ ಮಾಡೆಂದ. ಮತ್ತೆ ಕೇಳಿದ. ಆಮೇಲೆ ಹೆಡ್‌ಫೋನನ್ನು ತೆಗೆದು ನನ್ನ ತಲೆಗೆ ಹಾಕಿದ. ‘ಕೇಳು. ನನಗ ಭ್ರಾಂತಿ ಅಲ್ಲಲ್ಲ, ಕೇಳು.’

ಸ್ವರ ತಪ್ಪಿದ್ದು ನನ್ನಂಥವನಿಗೆ ತಿಳಿಯುವುದು ಸಾಧ್ಯವೇ ಇರಲಿಲ್ಲ. ಒಬ್ಬ ಮನುಷ್ಯ ದೊಡ್ಡ ಖಾಲಿ ಮನೆಯಲ್ಲಿ ಹಾಡಿದ ಹಾಗಿತ್ತು. ಹಾಡು ಮೇಲೇರಿ ಇಳಿಯುತ್ತ ಒಂದು ಕಡೆ ತಟಕ್ಕನೆ ತಡೆಯಿತು. ಆ ತಡೆಯಲ್ಲಿ, ಬಾಯಿಯನ್ನು ಮೈಕಿನಿಂದ ಪಕ್ಕಕ್ಕೆ ತಿರುಗಿಸಿ ಮೆಲ್ಲಗೆ ಆಡಿದ ಮಾತು ಕೇಳಿಸಿತು. ‘ನಾ ತಪ್ಪಿದೆ ಫಕೀರಾ. ನೀ ಬಿಡಬ್ಯಾಡ, ಹಿಡಿ.’ ಅಷ್ಟೇ. ಮತ್ತೆ ಹಾಡು.

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ತಲೆಯಾಡಿಸಿದೆ.

‘ಜನ ಛೇ ಅಂದಾಗ ತಪ್ಪು ಮುಚ್ಚಬೇಕಂತ ಪೇಟಿ ಜೋರು ಮಾಡಿದೆ ನಾ’ ಎಂದ ಅಪ್ಪ. ‘ಇದ್ದಷ್ಟು ಗಾಳಿ ಹಾಕಿ ಬಾರಿಸಿದೆ. ಅಂವನ ತಪ್ಪು ಮುಚ್ಚಾಕ ಹೋಗಿ ಅಂವನ ಮಾತs ಮುಚ್ಚಿಬಿಟ್ನಲ್ಲೋ.’ ‘ನಡಿ’ ಎಂದು ಕೋಲು ತೆಗೆದುಕೊಂಡ.

ಗವಾಯಿಗಳು ತಮ್ಮ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮೈ ಇಳಿದುಹೋಗಿದೆ, ದನಿ ಬಿರುಕು ಬಿಟ್ಟಿದೆ, ಸೊಕ್ಕು ಮಾತ್ರ ಹಾಗೇ ಇದೆ ಎಂದು ಊರಿನಲ್ಲಿ ಹೇಳುತ್ತಿದ್ದರು. ಅಪ್ಪನನ್ನು ಕಂಡು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. ಬಾ ಎನ್ನಲಿಲ್ಲ. ಅಪ್ಪ ಹೋಗಿ ಕಟ್ಟೆಯ ಇನ್ನೊಂದು ತುದಿಗೆ ಕೂತ. ಇಬ್ಬರೂ ನನ್ನನ್ನೇ ನೋಡಿದರು. ನಮ್ಮ ಮನೆಯ ಯಾವ ಕೆಲಸವೂ ನನ್ನನ್ನು ಬಿಟ್ಟು ಆಗುವುದಿಲ್ಲ. ಕರಿಮರದ ಹೆಡ್‌ಫೋನನ್ನು ಗವಾಯಿಗಳ ತಲೆಗೆ ಹಾಕಿ, ಟೇಪು ಹಚ್ಚಿದೆ.

ಗವಾಯಿಗಳ ಹುಬ್ಬು ಗಂಟಾಯಿತು. ‘ಪೇಟಿ ಎಲ್ಲಿ? ಇದರಾಗ ಪೇಟಿನs ಇಲ್ಲಲ್ಲ!’

‘ಇದು ಪೇಟಿ ತಿಂತೈತ್ರಿ’ ಎಂದೆ.

‘ಹಿಂಗ್ಯಾಕ ಬಣಬಣ ಅಂತೈತಿ? ನನ್ನ ಹಾಡು ಇಷ್ಟು ಬಣಬಣ ಇತ್ತೇನು?’ ಎಂದು ಗೊಣಗುತ್ತಲೇ ಕೇಳಿದರು. ಆ ಜಾಗ ಬಂದದ್ದು ಅವರ ಮುಖದ ಮೇಲೆಯೇ ನನಗೆ ಕಾಣಿಸಿತು. ಹೆಡ್‌ಫೋನನ್ನು ಕೆಳಗಿಳಿಸಿದವರು ನನ್ನ ಕಡೆ ತಿರುಗಿದರು, ಅಪ್ಪನ ಕಡೆ ತಿರುಗಲು ಅವರಿಗೆ ಆಗುತ್ತಿರಲಿಲ್ಲ.

‘ಇದು ಅವತ್ತು ಇಂವಗ ಕೇಳಿಸಿರಲಿಲ್ಲೇನು?’

‘ಇಲ್ಲರಿ. ಪೇಟಿ ಜೋರಿತ್ತಂತ.’

‘ಯಪ್ಪಾ’ ಎಂದು ಗವಾಯಿಗಳು ಕಣ್ಣು ಮುಚ್ಚಿದರು. ‘ನಾ ಅಂದೀನಿ, ಇಂವ ಕೇಳ್ಯಾನ, ಕೇಳಿನೂ ಮಾರಿ ತಿರುವಿ ಎದ್ದು ಹೋಗ್ಯಾನ ಅಂತ ತಿಳಕೊಂಡೆ. ತಪ್ಪಾತು ಅಂದ ಮ್ಯಾಲೂ ಇಷ್ಟು ಸೊಕ್ಕೇನು ಇಂವಗ, ತಾನಾಗೇ ಬರಲಿ ಅಂತ ಕುಂತೆ. ಬರತಾನ ಬರತಾನ ಅಂತ ಕುಂತೆ. ಊರು ಅನ್ನೂದು ಕೇಳಿನೂ ಬಾಯಿ ಬಿಡಲಿಲ್ಲ. ಅದೂ ನಂದs ತಪ್ಪು. ಎರಡೂ ನಂದs. ಹೇಳು ಅಂವಗ.’

ಅಪ್ಪ ಕಟ್ಟೆಯ ಆ ತುದಿಯಿಂದ ನಮ್ಮಿಬ್ಬರ ಬಾಯಿಗಳನ್ನು ಬದಲಾಯಿಸಿ ಬದಲಾಯಿಸಿ ನೋಡುತ್ತಿದ್ದ. ಒಂದಕ್ಷರವೂ ಅವನಿಗೆ ಮುಟ್ಟಿರಲಿಲ್ಲ.

ನಾನು ಎದ್ದು ಅವನ ಬಲಕ್ಕೆ ಹೋದೆ. ಎರಡು ಯಂತ್ರಗಳ ನಡುವೆ ಪಳಗಿದ ನನ್ನ ಗಂಟಲು ಅದು, ಮೆಲ್ಲಗೆ ಮಾತಾಡಲು ಬರುವುದೇ ಇಲ್ಲ. ‘ಅಪ್ಪಾ! ಆ ಸ್ವರ ತಪ್ಪಿದ್ದು ಗವಾಯಿಗಳಂತ! ನೀ ಅಲ್ಲಂತ! ತಪ್ಪು ತಮ್ಮದಂತ!’

ನಳದ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ಕೊಡ ಬಿಟ್ಟು ತಿರುಗಿದರು. ಎದುರಿನ ಕ್ಷೌರದ ಅಂಗಡಿಯಲ್ಲಿ ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡಿದ್ದವನು ಹಾಗೇ ಹೊರಗೆ ಬಂದು ನಿಂತ. ಓಣಿಯ ಕೊನೆಯಲ್ಲಿ ಯಾರೋ ‘ಏನಂತ, ಏನಂತ?’ ಎಂದು ಕೇಳಿದರು. ಗವಾಯಿಗಳು ಕತ್ತು ಬಗ್ಗಿಸಲಿಲ್ಲ, ಒಳಗೂ ಹೋಗಲಿಲ್ಲ. ಕೇಳಿದವರಿಗೆಲ್ಲ ಹೌದೆಂದು ತಲೆಯಾಡಿಸುತ್ತ ಕೂತರು.

ಅಪ್ಪನಿಗೆ ಕೇಳಿಸಿತ್ತು. ಆದರೂ ಅವನು ಕೈಯನ್ನು ಬಲಗಿವಿಗೆ ಬಟ್ಟಲಿನ ಹಾಗೆ ಹಿಡಿದು, ನಳದ ಕಡೆ ಒಮ್ಮೆ ಕಣ್ಣು ಹಾಯಿಸಿ, ‘ಏನಂದೀ? ಸರಿಯಾಗಿ ಕೇಳಲಿಲ್ಲ’ ಎಂದ.

ವಾರದ ಗಡುವು ಅವತ್ತಿಗೇ ಮುಗಿಯುತ್ತಿತ್ತು. ಗಿರಣಿಯ ಬಾಗಿಲಲ್ಲಿ ಜನ ನಿಂತಿರುತ್ತಾರೆ ಎಂಬುದೂ ನೆನಪಿತ್ತು. ನಾನು ಹೆಡ್‌ಫೋನನ್ನು ಕಟ್ಟೆಯ ಮೇಲೆ ಅವರಿಬ್ಬರ ನಡುವೆ ಇಟ್ಟು, ಉಸಿರು ಎಳೆದುಕೊಂಡು, ಇನ್ನೂ ಜೋರಾಗಿ ಹೇಳಿದೆ.